ಎಡಗಡೆಯ ಸೊನ್ನೆ

ಕ್ಯಾರ್ದ್ಲಾದ ಮ್ಯೂಸಿಯಮ್ಮು, ಹಿಂಬದಿಯ ಕೋಣೆ.
ಮಾರ್ಚ್ ಬಂದರೂ ಬಾಲ್ಟಿಕ್ಕಿನ ಅಂಚಿಗೆ ಹೆಪ್ಪು ಬಿಟ್ಟಿಲ್ಲ.
ಅಂಗೈಯಗಲದ ರೀಲು; ಅದರ ತಗಡಿನ ಡಬ್ಬಿಗೆ
ಇನ್ನೂ ಕೆಮ್ಮಿನ ಮಾತ್ರೆಯ ವಾಸನೆ.
ಸ್ಕ್ಯಾನರು ಬಟಾಣಿ ಸುಲಿದ ಹಾಗೆ ಸುಲಿದು ಕೊಟ್ಟಿತು
ಎರಡು ಸಾವಿರದ ನಾನೂರು ಚಿತ್ರ.
ಒಂದೊಂದಕ್ಕೂ ಒಂದು ಅಂಕಿ. ಅಷ್ಟೇ ಹೆಸರು.

ತಾರ್ತುವಿನಿಂದ ಬಂದ ಹುಡುಗ ಟಾನೆಲ್
ಕತ್ತಿನ ಉಣ್ಣೆಪಟ್ಟಿ ಬಿಚ್ಚದೆಯೇ ಬರೆದ ಹನ್ನೊಂದು ಸಾಲು:
ಹೆಸರಿನ ಸರದಿಯಲ್ಲಿ ಒಂದೊಂದನ್ನೇ ತೆಗೆ,
ಗೀರು ಒರೆಸು, ಬೆಳಕು ಹದಮಾಡು,
ಹಿಂದಿನದರ ಬಾಲಕ್ಕೆ ಅಂಟಿಸು, ಮುಂದಿನದನ್ನು ಕರೆ.
ನಾನು ಕಾಫಿ ತರುವಷ್ಟರಲ್ಲಿ ಮುಗಿದಿತ್ತು.

ಹಾಕಿ ನೋಡಿದರೆ ಕಾಲಕ್ಕೇ ಬಿಕ್ಕಳಿಕೆ.
ಖಾಲಿ ಬಂದರುಕಟ್ಟೆ. ಒಂದು ಕಡಲಹಕ್ಕಿ.
ಬೂಟಿನ ಲಾಡಿಗೆ ಬಗ್ಗಿದ ಯುವಕ.
ಥಟ್ಟನೆ ಅವನೇ ಹಲಗೆಯ ಮೇಲೆ,
ಮರುಕ್ಷಣ ಮತ್ತೆ ಲಾಡಿಗೇ ಬಗ್ಗಿದ್ದಾನೆ.

‘ಇದಕ್ಕೆ ಓದಲು ಬರುತ್ತದೆ, ಎಣಿಸಲು ಬರುವುದಿಲ್ಲ,’
ಕಿವಿ ಕೆಂಪಾಗಿ ಟಾನೆಲ್ ಹೇಳಿದ.
‘ಒಂದಾದ ಮೇಲೆ ಹತ್ತು, ಹತ್ತಾದ ಮೇಲೆ ನೂರು,
ನೂರಾದ ಮೇಲೆ ಸಾವಿರ.
ಎರಡು, ಪಾಪ, ಒಂದರ ವಂಶದವರು
ಸಾವಿರದ ನೂರಾ ಹನ್ನೊಂದು ಮಂದಿ ದಾಟುವ ತನಕ
ಬಾಗಿಲಲ್ಲೇ ನಿಂತಿರಬೇಕು.’

ಮದ್ದು ಸುಲಭ. ಎಡಗಡೆಗೆ ಸೊನ್ನೆ.
ಒಂದಕ್ಕೆ ಮೂರು, ಹತ್ತಕ್ಕೆ ಎರಡು, ನೂರಕ್ಕೆ ಒಂದು.
ಎಡಗಡೆಯ ಸೊನ್ನೆಗೆ ಕವಡೆಯ ಕಿಮ್ಮತ್ತಿಲ್ಲ ಎಂದು
ಕಿವಿ ಹಿಂಡಿ ಕಲಿಸಿದ್ದರು ನಮ್ಮ ಲೆಕ್ಕದ ಮೇಡಮ್ಮು.
ಆ ಕಿಮ್ಮತ್ತಿಲ್ಲದವೇ ಈಗ ಹೆಗಲು ಕೊಟ್ಟು
ಗಿಡ್ಡರನ್ನೆಲ್ಲ ಸರದಿಗೆ ನಿಲ್ಲಿಸಿದವು.
ಎರಡೂವರೆ ನಿಮಿಷ.
ಕಟ್ಟೆ, ಹಕ್ಕಿ, ಲಾಡಿ, ಹಲಗೆ, ದೋಣಿ, ನೀರು.
ಬರೀ ನೀರು.

ಸೋಮವಾರ ಮೈಮು ಬಂದರು, ಡಬ್ಬಿ ಕೊಟ್ಟವರು.
ಕೈಚೀಲದ ಕೊಂಡಿ ತೆಗೆಯುತ್ತ, ಹಾಕುತ್ತ, ನೋಡಿದರು.
‘ಕ್ಯಾಮೆರಾ ಹಿಡಿದವಳು ನಾನು. ಹದಿನಾರು ವರ್ಷ.
ತುಂಬ ಅಲುಗಿದೆ, ಅಲ್ಲವೇ? ಅವನು ಕಲ್ಯು, ನನ್ನ ಅಣ್ಣ.’
ನೀರಿನ ಬಗ್ಗೆ ಅವರು ಹೇಳಲಿಲ್ಲ.
ನಾನೂ ಕೇಳಲಿಲ್ಲ. ಈ ದ್ವೀಪದಲ್ಲಿ ಕೇಳುವುದಿಲ್ಲ.

ಟಾನೆಲನಿಗೆ ಮೌನ ಹೊರಲಾಗದ ವಯಸ್ಸು.
ನಗಿಸೋಣವೆಂದು ಆ ಕೆಟ್ಟ ಪ್ರತಿಯನ್ನು ಹಾಕಿಬಿಟ್ಟ.
ಮೇಜಿನಡಿ ಅವನ ಕಾಲು ತುಳಿದೆ. ತಡವಾಗಿತ್ತು.

ಕಲ್ಯು ಹೋದ, ಬಂದ. ಹೋದ, ಬಂದ.
ಒಂದರ ವಂಶ ಮುಗಿಯಿತು, ಎರಡರದ್ದೂ ಮುಗಿಯಿತು.
ಮೂರು ಬಂತು. ಅದರ ಬೆನ್ನಿಗೆ ಮೂವತ್ತು, ಮುನ್ನೂರು,
ಅಷ್ಟೇ; ಮೂರು ಸಾವಿರ ಈ ರೀಲಿನಲ್ಲಿಲ್ಲ.
ಸಾವಿರ ದಾಟಿದವೆಲ್ಲ ಆಗಲೇ ಖರ್ಚಾಗಿದ್ದವು.
ಅಲ್ಲಿಂದಾಚೆ ಅವನು ಕಡಲಿಗೆ ಹೋಗುವುದೇ ಇಲ್ಲ.
ಟೋಪಿ ಸರಿಮಾಡಿಕೊಳ್ಳುತ್ತಾನೆ,
ಕ್ಯಾಮೆರಾದತ್ತ ತಿರುಗಿ ಏನೋ ಬೈಯುತ್ತಾನೆ,
ಬಗ್ಗುತ್ತಾನೆ, ಏಳುತ್ತಾನೆ, ಬಗ್ಗುತ್ತಾನೆ,
ಒಂಬೈನೂರ ತೊಂಬತ್ತೊಂಬತ್ತಕ್ಕೆ ಪರದೆ ನಿಂತಿತು:
ಒಂದು ಕಾಲು ಹಲಗೆಯ ಮೇಲೆ,
ಇನ್ನೊಂದು ಇನ್ನೂ ಕಲ್ಲಿನ ಮೇಲೆ.

ಗೋಡೆಯ ಹೀಟರು ಟಿಕ್ಕೆಂದಿತು.
‘ಇದನ್ನೂ ಕೊಡಿ,’ ಎಂದರು ಮೈಮು.
‘ಅದು ತಪ್ಪು ಕ್ರಮ,’ ಟಾನೆಲ್ ತೊದಲಿದ.
‘ಎಂಬತ್ತು ದಾಟಿತು, ಮಗು.
ಕ್ರಮ ನನಗೆ ಗೊತ್ತಿದೆ.’

ದಾಖಲೆಯ ಹಾಳೆಯಲ್ಲಿ ಎರಡನೇ ಪ್ರತಿಯ ವಿವರಕ್ಕೆ
ಏನು ಬರೆಯುವುದೋ ತಿಳಿಯದೆ ಖಾಲಿ ಬಿಟ್ಟೆ.
ಟಾನೆಲ್ ಸ್ಕ್ರಿಪ್ಟಿನ ಹಳೆಯ ಸಾಲನ್ನು ಅಳಿಸಲಿಲ್ಲ,
ಮುಂದೊಂದು ಚಿಹ್ನೆ ಹಾಕಿ ಮಲಗಿಸಿಟ್ಟ.
ಶುಕ್ರವಾರ ಮೀನುಗಾರರ ಸಂಘದ ರೀಲು ಬಂತು,
ಆರು ಸಾವಿರ ಚಿತ್ರ, ಬಹುಪಾಲು ಭಾಷಣ.
ಸೊನ್ನೆ ಮೊದಲೇ ಹಾಕಿದೆವು.